ರಸ್ತೆಯ ಕಡೆಗೆ ಬಾಗಿಲಿದ್ದ ಖೋಲಿ

“ಸಾಯಾಕತ್ತ ಮನಶ್ಯಾನ್ನ ಹೊರಸಿನ ಸಮೇತ ಎತ್ತಿಸಿ ರಸ್ತಾದ ಮ್ಯಾಲ ಇಡಿಸಿದಾವ ಅವಾ. ಜೀವಾ ಇನ್ನೂ ಇತ್ತು, ಅಷ್ಟ್ರಾಗ ಖೋಲಿಗೆ ಸುಣ್ಣಾ ಹೊಡದು ಬ್ಯಾರೇದಾವರಿಗೆ ಕೊಟ್ಟ.”

ಇಚಲಕರಂಜಿಯಲ್ಲಿ ನಾನು ಬಾಡಿಗೆಗಿದ್ದ ಚಾಳನ್ನು ಬಲ್ಲವರು ಯಾರೇ ಎದುರಾಗಲಿ, ನಮ್ಮ ದಿವಾಣಜಿಯವರ ಮಾತು ಬಂದರೆ ಇದೇ ಕಥೆಯನ್ನು ಹೇಳುತ್ತಾರೆ. ಇತ್ತೀಚೆಗೆ ಒಂದು ಮದುವೆಯ ಊಟದ ಪಂಕ್ತಿಯಲ್ಲಿಯೂ ಕೇಳಿದೆ. ಹೇಳುತ್ತಿದ್ದವನಿಗೆ ನನ್ನ ಮಗನ ವಯಸ್ಸು. ಅವನ ಕಥೆಯಲ್ಲಿ ಧೋ ಎಂದು ಮಳೆಯೂ ಸುರಿಯುತ್ತಿತ್ತು. ನೀನು ನೋಡಿದ್ದೀಯೇನಪ್ಪ ಎಂದು ಕೇಳಿದೆ. ಇಲ್ಲ, ಅವರ ತಂದೆ ಹೇಳುತ್ತಿದ್ದರಂತೆ. ಅವರು ನೋಡಿದ್ದರೇ ಎಂದರೆ, ಇಡೀ ಚಾಳೇ ನೋಡಿದೆಯಲ್ಲ ಎಂದ. ಪಕ್ಕದಲ್ಲಿದ್ದವರು, ಈ ಮುದುಕನಿಗೆ ಊಟದ ಹೊತ್ತಿನಲ್ಲೂ ವಾದ ಬೇಕು ಎಂಬಂತೆ ನನ್ನನ್ನು ನೋಡಿ, ಬಡಿಸುವವನನ್ನು ಕರೆದರು.

ಇಡೀ ಚಾಳು ನೋಡಿದ್ದು ನಿಜ. ಆದರೆ ಅದು ನೋಡಿದ್ದು ಎಲ್ಲಿಯವರೆಗೆ ಎಂಬುದನ್ನು ಇದುವರೆಗೆ ಯಾರೂ ಕೇಳಿಲ್ಲ.

ಇದನ್ನು ಬರೆಯಲು ಕೂರಿಸಿದ್ದು ಒಂದು ವಾಸನೆ. ನಾನೀಗ ಕೊಲ್ಲಾಪುರದಲ್ಲಿ ಒಂದು ಕಟ್ಟಡದ ನೆಲಮಹಡಿಯ ಸಣ್ಣ ಕೋಣೆಯಲ್ಲಿ ಒಬ್ಬನೇ ಇದ್ದೇನೆ. ಮೇಲಿನ ಮನೆಗಳ ಬಾಡಿಗೆ, ನೀರು, ಬೀಗದ ಕೈಗಳನ್ನು ನೋಡಿಕೊಳ್ಳುವುದು ಈ ವಯಸ್ಸಿನಲ್ಲಿಯೂ ನನ್ನ ಕೆಲಸ. ಈಗಿನ ಗೋಡೆಗಳಿಗೆ ಡಬ್ಬಿಯ ಬಣ್ಣ. ಅದರ ವಾಸನೆಗೆ ತಲೆ ನೋಯುತ್ತದೆಯೇ ಹೊರತು ಏನೂ ನೆನಪಾಗುವುದಿಲ್ಲ. ಆದರೆ ಮೊನ್ನೆ ಹಿಂದಿನ ಓಣಿಯಲ್ಲಿ ಯಾರೋ ತಮ್ಮ ಹಳೆಯ ವಾಡೆಗೆಂದು ಅರ್ಧ ಪೀಪಾಯಿಯಲ್ಲಿ ಸುಣ್ಣದ ಕಲ್ಲು ನೆನೆಹಾಕಿದರು. ಕಲ್ಲು ನೀರಿಗೆ ಬಿದ್ದು ಕೊತಕೊತ ಕುದಿಯುವಾಗ ಒಂದು ಬಿಸಿ ಹಬೆ ಏಳುತ್ತದೆ… ಮೂಗಿಗೆ ಚುರುಕು, ಗಂಟಲಿಗೆ ಒಣಕಲು. ಕಿಟಕಿ ಮುಚ್ಚಲು ಹೋದವನು ಮುಚ್ಚದೆ ನಿಂತೆ. ಆ ಹಬೆಯ ನಡುವೆ ತಲೆಗೆ ಟವೆಲು ಸುತ್ತಿ, ರೆಪ್ಪೆಗಳ ಮೇಲೆಲ್ಲ ಬಿಳಿ ಹನಿ ಹತ್ತಿಸಿಕೊಂಡು, ಕುಂಚ ಹಿಡಿದ ದಿವಾಣಜಿ ನನಗೆ ಕಂಡರು.

ಮಾಲಕರ ಪರವಾಗಿ ವ್ಯವಹಾರ ನೋಡಿಕೊಳ್ಳುವವನನ್ನು ನಮ್ಮ ಕಡೆ ದಿವಾಣಜಿ ಎನ್ನುತ್ತಾರೆ. ಮಗ್ಗದ ಕಾರಖಾನೆಗಳಲ್ಲಿ ಅಂಥವರು ಬಹಳ. ನಮ್ಮ ದಿವಾಣಜಿ ನೋಡಿಕೊಳ್ಳುತ್ತಿದ್ದುದು ಬಾಡಿಗೆಯ ಒಂದು ಚಾಳನ್ನು. ಮಾಲಕರು ಕೊಲ್ಲಾಪುರದಲ್ಲಿದ್ದರು, ವರ್ಷಕ್ಕೊಮ್ಮೆ ಬಂದು, ಬಾಗಿಲಲ್ಲೇ ನಿಂತು, ಮೂಗಿಗೆ ಕರವಸ್ತ್ರ ಹಿಡಿದು ಹೋಗುತ್ತಿದ್ದರು. ಉಳಿದ ದಿನಗಳಲ್ಲಿ ನಮಗೆ ಮಾಲಕರೂ ಇವರೇ, ಪೊಲೀಸರೂ ಇವರೇ.

ಆ ಚಾಳಿನ ರಚನೆಯನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಸುಳ್ಳು ಹುಟ್ಟಿದ್ದೇ ಅದರಿಂದ. ಎರಡು ಸಾಲು ಖೋಲಿಗಳು ನಡುವಿನ ಅಂಗಳಕ್ಕೆ ಮುಖ ಮಾಡಿದ್ದವು. ಅಂಗಳಕ್ಕೆ ಒಂದೇ ದೊಡ್ಡ ಬಾಗಿಲು. ಆ ದೊಡ್ಡ ಬಾಗಿಲಿಗೆ ಹತ್ತಿಕೊಂಡೇ ದಿವಾಣಜಿಯವರ ಖೋಲಿ ಇತ್ತು. ಆದರೆ ಅದರ ಬಾಗಿಲು ಮಾತ್ರ ಅಂಗಳಕ್ಕಲ್ಲ, ಹೊರಗಿನ ರಸ್ತೆಗೆ ತೆರೆಯುತ್ತಿತ್ತು. ರಸ್ತೆಯ ಆಚೆ ನೂಲಿಗೆ ಗಂಜಿ ಹಾಕುವ ಸೈಝಿಂಗ್ ಕಾರಖಾನೆಯ ಉದ್ದನೆಯ ಹಿಂಗೋಡೆ. ಅಲ್ಲಿ ಮನೆಗಳಿರಲಿಲ್ಲ, ಅಂಗಡಿಯಿರಲಿಲ್ಲ. ಹಗಲೂ ರಾತ್ರಿ ಸುತ್ತಲಿನ ಮಗ್ಗಗಳ ಸದ್ದು. ಆ ಸದ್ದಿನಲ್ಲಿ ಪಕ್ಕದ ಮನೆಯ ಜಗಳವೂ ಅರ್ಧವೇ ಕೇಳುತ್ತಿತ್ತು.

ನಾನು ಅಕಿವಾಟದಿಂದ ಮಗ್ಗದ ಕೆಲಸಕ್ಕೆ ಬಂದವನು. ಶಾಲೆ ನಡುವೆಯೇ ನಿಂತಿತ್ತು. ಆಮೇಲೆ ಓದಿದ್ದೆಲ್ಲ ಪಾಳಿ ಮುಗಿದ ನಂತರ ಊರಿನ ವಾಚನಾಲಯದಲ್ಲಿ. ಖೋಲಿ ನೋಡಲು ಬಂದ ದಿನ ದಿವಾಣಜಿ ನನ್ನ ಊರು, ಜಾತಿ, ಅಡ್ಡಹೆಸರು ಯಾವುದನ್ನೂ ಕೇಳಲಿಲ್ಲ. ಬೇರೆ ಕಡೆಗಳಲ್ಲಿ ಮೊದಲು ಕೇಳುತ್ತಿದ್ದುದೇ ಅದು. ಇವರು ಬೀಗ ತೆಗೆದು, ಕೀಲಿಯಿಂದಲೇ ಗೋಡೆಗೆ ಬಡಿಯುತ್ತ ಒಂದೊಂದೇ ದೋಷ ತೋರಿಸಿದರು.

“ಇಲ್ಲಿ ಸೋರತೈತಿ. ಇಲ್ಲಿಂದ ಇಲಿ ಬರತಾವ. ಈ ಕಿಡಕಿ ಮಳಿಗಾಲದಾಗ ಮುಚ್ಚೂದಿಲ್ಲ, ಬ್ಯಾಸಗ್ಯಾಗ ತಗಿಯೂದಿಲ್ಲ. ಬಾಜೂದಾವ ಕುಡದ ಬಂದ ಹಾಡತಾನ, ದನಿ ಭಾಳ ಕೆಟ್ಟೈತಿ. ಬ್ಯಾಡ ಅನಿಸಿದ್ರ ಚಾ ಕುಡದು ಹೋಗ್ರಿ.”

ಹೊಸಬರು ಬಂದಾಗಲೆಲ್ಲ ಅವರ ರೀತಿ ಇದೇ. ಒಳ್ಳೆಯದನ್ನು ಹೇಳಿ ಖೋಲಿ ಕೊಟ್ಟರೆ ಮೂರನೆಯ ದಿನದಿಂದ ಜಗಳ, ಕೆಟ್ಟದ್ದನ್ನು ಹೇಳಿ ಕೊಟ್ಟರೆ ಜಗಳಕ್ಕೆ ಏನೂ ಉಳಿಯುವುದಿಲ್ಲ ಎಂಬುದು ಅವರ ಲೆಕ್ಕ. ಆ ಲೆಕ್ಕ ಅನೇಕ ಸಲ ತಪ್ಪುತ್ತಿತ್ತು. ಜಗಳಗಳು ಆಗಿಯೇ ಆಗುತ್ತಿದ್ದವು.

ಅವರ ಮೇಲಿನ ಬೇರೆ ಆರೋಪಗಳನ್ನು ನಾನು ಅಲ್ಲಗಳೆಯುವುದಿಲ್ಲ. ಅವರ ಬಾಯಿ ಬಹಳ ಒರಟು. ನಳದ ಮುಂದೆ ಹೆಂಗಸರು ಕಿತ್ತಾಡಿದರೆ ನೀರನ್ನೇ ಕಟ್ಟಿಬಿಡುತ್ತಿದ್ದರು. ತಪ್ಪಿತಸ್ಥರ ಜೊತೆ ತಪ್ಪು ಮಾಡದವರೂ ಕೊಡ ಹಿಡಿದು ನಿಲ್ಲಬೇಕಾಗುತ್ತಿತ್ತು. ಮಕ್ಕಳು ಗೋಡೆಗೆ ಚೆಂಡು ಎಸೆದರೆ ಆ ಚೆಂಡು ಮರಳಿ ಸಿಗುತ್ತಿರಲಿಲ್ಲ. ಬಾಡಿಗೆದಾರರು ತಮ್ಮ ಮನೆಯ ಹಬ್ಬಕ್ಕೆ ಕರೆದರೆ ಹೊಸ್ತಿಲಲ್ಲೇ ನಿಂತು ಪ್ರಸಾದ ತೆಗೆದುಕೊಂಡು ಬರುತ್ತಿದ್ದರು, ಒಳಗೆ ಕೂರುತ್ತಿರಲಿಲ್ಲ. ನಾಳೆ ಇದೇ ಮನೆ ಬಿಡಿಸಬೇಕಾದೀತು, ಉಪ್ಪು ತಿಂದ ಮೇಲೆ ಹೇಗೆ ಬಿಡಿಸಲಿ ಎನ್ನುತ್ತಿದ್ದರು. ಇದರಿಂದ ಇಷ್ಟೊಂದು ಜನರ ನಡುವೆ ಅವರಿಗೆ ಕೂತು ಮಾತಾಡಲು ಒಂದು ಮನೆ ಇರಲಿಲ್ಲ. ನಾನೂ ಒಬ್ಬಂಟಿಯಾಗಿದ್ದೆ. ಪಾಳಿ ಮುಗಿಸಿ ಬರುವಾಗ ಅವರ ಖೋಲಿಯ ಮುಂದಿನ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂರುತ್ತಿದ್ದೆ. ಹೆಚ್ಚು ಮಾತಿರುತ್ತಿರಲಿಲ್ಲ. ಅವರು ನಿನ್ನೆಯ ಪತ್ರಿಕೆ ಓದುತ್ತಿದ್ದರು, ನಾನು ಮೊನ್ನೆಯದು.

ಅವರ ಹೆಂಡತಿ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಒಬ್ಬಳೇ ಮಗಳು. ಅವಳನ್ನು ಆ ಒಂದೇ ಖೋಲಿಯಲ್ಲಿ ತಾವೇ ಅಡಿಗೆ ಮಾಡಿ ಹಾಕಿ, ತಾವೇ ಜಡೆ ಹಾಕಿ ಬೆಳೆಸಿ, ಗಡಹಿಂಗ್ಲಜಕ್ಕೆ ಮದುವೆ ಮಾಡಿಕೊಟ್ಟಿದ್ದರು. ನಾನು ಹೇಳುತ್ತಿರುವ ಬೇಸಗೆಯಲ್ಲಿ ಅವಳು ತುಂಬಿದ ಬಸುರಿ. ಸೀಮಂತದ ಕುಪ್ಪಸದ ಶಾಸ್ತ್ರ ಮುಗಿದಿತ್ತು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಷ್ಟೆ. ಅವಳ ತವರು ಎಂದರೆ ಆ ಖೋಲಿ. ಬಾಣಂತನ ಮಾಡಲು ನಾಂದಣಿಯಲ್ಲಿದ್ದ ದಿವಾಣಜಿಯವರ ಅಕ್ಕ ಬರುವುದೆಂದು ಮಾತಾಗಿತ್ತು.

ಆ ದಿನಗಳಲ್ಲಿ ಅವರು ಬೇರೆಯೇ ಮನುಷ್ಯರಾಗಿದ್ದರು. ಸ್ವಂತ ಖೋಲಿಗೆ ಸುಣ್ಣದ ಎರಡು ಕೈ ಹೊಡೆದರು. ಬಾಡಿಗೆಯ ಖೋಲಿಗಳಿಗೆ ಒಂದೇ ಕೈ. ಸುಣ್ಣಕ್ಕೆ ನೀಲಿ ಹೆಚ್ಚಾಯಿತೇ ಎಂದು ನನ್ನನ್ನು ಮೂರು ಸಲ ಕೇಳಿದರು. ತೊಲೆಗೆ ತೊಟ್ಟಿಲಿನ ಕಬ್ಬಿಣದ ಕೊಂಡಿ ಬಡಿಸಿ, ನನ್ನನ್ನು ಕರೆದು, ಅದನ್ನು ಹಿಡಿದು ಜೋತು ಬೀಳಲು ಹೇಳಿದರು.

“ನಿನ್ನಂಥಾ ಕೋಣನ್ನ ತಡಕೊಂಡ್ರ ನನ್ನ ಮಮ್ಮಗನ್ನ ತಡಕೋತೈತಿ,” ಎಂದರು. ನಾನು ಜೋತು ಬಿದ್ದೆ. ತೊಲೆಯಿಂದ ಮಣ್ಣು ಉದುರಿ ನನ್ನ ಬಾಯಿಗೆ ಬಿತ್ತು. ಅವರು ಗಟ್ಟಿಯಾಗಿ ನಕ್ಕದ್ದನ್ನು ನಾನು ಕೇಳಿದ್ದು ಅಂದೇ…

ಅದೇ ವಾರದ ಮಾತು. ಅಂಗಳದ ಮೂರನೆಯ ಖೋಲಿಯಲ್ಲಿ ಚಿಕ್ಕೋಡಿ ಕಡೆಯ ಕುರುಬರ ಕುಟುಂಬವೊಂದಿತ್ತು. ಗಂಡ, ಹೆಂಡತಿ, ಇಬ್ಬರೇ. ಅಣ್ಣತಮ್ಮಂದಿರು ಕುರಿಗಳನ್ನು ಮಾರಿ ಪಾಲು ಮಾಡಿಕೊಂಡ ಮೇಲೆ ಅವನು ಮಗ್ಗದ ಕೆಲಸಕ್ಕೆ ಬಂದಿದ್ದ. ಎದೆಯ ರೋಗ ಹತ್ತಿತು. ದೊಡ್ಡ ದವಾಖಾನೆಯವರು, ಇನ್ನು ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳಿರಿ ಎಂದು ಕಳುಹಿಸಿದರು. ಆ ಮಾತಿನ ಅರ್ಥ ಚಾಳಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ಮಾಲಕರದು ಒಂದು ಕಟ್ಟಪ್ಪಣೆ ಇತ್ತು: ಬಾಡಿಗೆಯ ಯಾವ ಖೋಲಿಯಲ್ಲಿಯೂ ಸಾವು ಆಗಬಾರದು. ಇದನ್ನು ಕೇವಲ ಕ್ರೌರ್ಯ ಎಂದು ಬಿಡುವಂತಿಲ್ಲ. ನಮ್ಮ ಜನ ಸಾವಾದ ಮನೆಗೆ ಬಾಡಿಗೆಗೆ ಬರುವುದಿಲ್ಲ. ಅದರಲ್ಲೂ ಕೆಟ್ಟ ನಕ್ಷತ್ರದಲ್ಲಿ ಜೀವ ಹೋಯಿತೆಂದರೆ ಆ ಮನೆಗೆ ತಿಂಗಳುಗಟ್ಟಲೆ ಬೀಗ ಹಾಕಬೇಕು, ಅಕ್ಕಪಕ್ಕದವರೂ ಹೆದರಿ ಬಿಟ್ಟು ಹೋಗುತ್ತಾರೆ. ಆದ್ದರಿಂದ ಬಾಡಿಗೆ ಮನೆಗಳಲ್ಲಿ ಬದುಕುವವರು ಸಾಯುವ ಹೊತ್ತಿಗೆ ಊರಿಗೆ ಹೋಗಬೇಕು. ಅದು ಎಲ್ಲರೂ ಒಪ್ಪಿಕೊಂಡಿದ್ದ ಪದ್ಧತಿ. ನಾವೂ ಒಪ್ಪಿಕೊಂಡಿದ್ದೆವು. ಊರೇ ಇಲ್ಲದವನು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಅಲ್ಲಿಯವರೆಗೆ ನಮ್ಮಲ್ಲಿ ಬಂದಿರಲಿಲ್ಲ.

ಯಾರು ಸುದ್ದಿ ಮುಟ್ಟಿಸಿದರೋ, ಕೊಲ್ಲಾಪುರದಿಂದ ಮಾಲಕರ ಮನುಷ್ಯ ಬಂದ. ಸಂಜೆಯೊಳಗೆ ರೋಗಿಯನ್ನು ಊರಿಗೆ ಕಳಿಸಬೇಕೆಂದು ಅಂಗಳದಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿ ಹೋದ. ಆ ಹೆಂಗಸು ದಿವಾಣಜಿಯವರ ಮುಂದೆ ಕೈಮುಗಿದು, ಊರಿನಲ್ಲಿ ನಮ್ಮದೊಂದು ಗೋಡೆಯೂ ನಿಂತಿಲ್ಲ, ಯಾರ ಹೊಸ್ತಿಲಿಗೆ ಒಯ್ಯಲಿ ಎಂದು ಅತ್ತಳು. ಅವರು ರಸ್ತೆಯ ಕಡೆಗೆ ಹೋಗಿ, ತಮ್ಮ ಖೋಲಿಯ ಬಾಗಿಲಲ್ಲಿ ಒಳಗೆ ನೋಡುತ್ತ ಬಹಳ ಹೊತ್ತು ನಿಂತಿದ್ದರು. ನಾನು ಎರಡನೆಯ ಪಾಳಿಗೆ ಹೊರಟವನು ಅದನ್ನು ನೋಡಿದೆ. ಏನು ಯೋಚಿಸುತ್ತಿದ್ದರು ಎಂದು ಹೇಳಲಾರೆ. ನೋಡಿದ್ದನ್ನು ಮಾತ್ರ ಹೇಳುತ್ತೇನೆ.

ಆಮೇಲೆ ನನ್ನನ್ನೂ ಇನ್ನು ಮೂವರನ್ನೂ ಕರೆದುಕೊಂಡು ಅಂಗಳಕ್ಕೆ ಬಂದರು. ಉರಿಬಿಸಿಲು, ಮಳೆಯ ಹನಿಯೂ ಇರಲಿಲ್ಲ. ರೋಗಿ ಮಲಗಿದ್ದ ಹೊರಸಿನ ಕಾಲು ಹಿಡಿದ ನನ್ನ ಅಂಗೈ ಬೆವರಿ ಜಾರುತ್ತಿತ್ತು, ಅದು ನನಗೆ ಚೆನ್ನಾಗಿ ನೆನಪಿದೆ. “ಎತ್ರಿ, ಖೋಲಿ ಖಾಲಿ ಆಗಬೇಕು,” ಎಂದು ದಿವಾಣಜಿ ಗಟ್ಟಿಯಾಗಿ ಹೇಳಿದರು. ಆ ಹೆಂಗಸು ಬಾಗಿಲ ಚೌಕಟ್ಟನ್ನು ಅಪ್ಪಿಕೊಂಡಳು. ನಿನ್ನ ವಂಶ ಹಾಳಾಗಲಿ ಎಂದು ಶಾಪ ಹಾಕಿದಳು. ಬಾಗಿಲು ಬಾಗಿಲಿಗೂ ಜನ ನಿಂತಿದ್ದರು. ಒಬ್ಬರೂ ಮುಂದೆ ಬರಲಿಲ್ಲ. ನಾವು ಹೊರಸು ಹೊತ್ತು ದೊಡ್ಡ ಬಾಗಿಲು ದಾಟಿದೆವು. ದಿವಾಣಜಿ ಹಿಂದಿನಿಂದ ಅದನ್ನು ಎಳೆದು ಮುಚ್ಚಿದರು.

ಚಾಳು ನೋಡಿದ್ದು ಇಲ್ಲಿಯವರೆಗೆ.

ರಸ್ತೆಯಲ್ಲಿ ಟೆಂಪೋ ಇರಲಿಲ್ಲ, ಗಾಡಿ ಇರಲಿಲ್ಲ. ಹೊರಸನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ನಾವು ನಿಂತೆವು. ಅವರು ತಮ್ಮ ಖೋಲಿಯ ಬಾಗಿಲನ್ನು ಪೂರ್ತಿ ತೆರೆದು, “ಒಳಗ,” ಎಂದರು.

ನಮ್ಮಲ್ಲೊಬ್ಬ ಹಿಂಜರಿದ. “ದಿವಾಣಜಿ, ಸುಣ್ಣಾ ಇನ್ನಾ ಹಸಿ ಐತ್ರಿ.”

“ಮೈಗೆ ಹತ್ತಿದ್ರ ಹತ್ತಲಿ. ಬಾಡಿಗಿ ಖೋಲಿಯೊಳಗ ಸಾಯಬಾರದು ಅಂದಾರ ಮಾಲಕರು. ನಾ ಇದಕ್ಕ ಎಲ್ಲಿ ಬಾಡಿಗಿ ಕೊಡತೇನಿ?”

ಅವರ ಖೋಲಿ ನೌಕರಿಗೆ ಕೊಟ್ಟದ್ದು, ಅದಕ್ಕೆ ಬಾಡಿಗೆ ಇರಲಿಲ್ಲ. ಮಾಲಕರ ಮಾತನ್ನು ಅವರು ಮೀರಲಿಲ್ಲ. ಅದರಲ್ಲಿ ಒಬ್ಬ ಮನುಷ್ಯ ಮಲಗುವಷ್ಟು ಜಾಗ ಉಳಿದಿದ್ದುದನ್ನು ಕಂಡುಕೊಂಡರು. ಯಾರಿಗೂ ಹೇಳಬೇಡಿರಿ ಎಂದು ನಮ್ಮ ನಾಲ್ವರಿಂದಲೂ ಮಾತು ತೆಗೆದುಕೊಂಡರು. ದೊಡ್ಡ ಬಾಗಿಲು ಸರಿಸಿಕೊಂಡು ಹಿಂದೆಯೇ ಓಡಿಬಂದ ಆ ಹೆಂಗಸು ರಸ್ತೆಯಲ್ಲಿ ಅತ್ತಿತ್ತ ನೋಡಿ, ತೆರೆದ ಬಾಗಿಲಿನೊಳಗೆ ಗಂಡನನ್ನು ಕಂಡಾಗ ಅವಳ ಮುಖ ಹೇಗಿತ್ತು ಎಂಬುದನ್ನು ನಾನು ಬಹಳ ಸಲ ನೆನೆಯಲು ಯತ್ನಿಸಿದ್ದೇನೆ. ನೆನಪಾಗುವುದಿಲ್ಲ… ಅವಳ ಕೈಯಲ್ಲಿ ಒಂದು ಕಂಬಳಿ ಇತ್ತು, ಅಷ್ಟೇ.

ಆ ಮನುಷ್ಯ ಇನ್ನೂ ಕೆಲವು ದಿನ ಬದುಕಿದ್ದ. ದಿವಾಣಜಿ ಹೊರಗಿನ ಕಟ್ಟೆಯ ಮೇಲೆ ಮಲಗುತ್ತಿದ್ದರು. ಸೆಕೆ ಎಂದು ಹೊರಗೆ ಮಲಗಿದ್ದಾರೆ ಎಂದುಕೊಂಡರು ಜನ. ಒಂದು ದಿನ ಬೆಳಗಾಗುವ ಮುಂಚೆ ಜೀವ ಹೋಯಿತು. ರಸ್ತೆಯ ಕಡೆಯಿಂದಲೇ ನಾವು ನಾಲ್ವರು ಒಯ್ದೆವು. ಪ್ರಾಣ ಹೋದ ಜಾಗದಲ್ಲಿ, ನಮ್ಮ ಪದ್ಧತಿಯಂತೆ, ಹಿಟ್ಟು ಹರವಿ ದೀಪವಿಟ್ಟರು. ಸೂತಕದ ದಿನಗಳು ಮುಗಿಯುವವರೆಗೆ ಆ ದೀಪ ಆರಬಾರದು, ಅಲ್ಲಿಂದ ಅಲುಗಬಾರದು. ಹೆಂಗಸು ಅದರ ಪಕ್ಕದಲ್ಲಿ ಗೋಡೆಗೆ ಒರಗಿ ಕೂತಳು. ಮಗಳು ಬರಲು ಇನ್ನೂ ಎರಡು ವಾರವಿದೆ, ಅಷ್ಟರೊಳಗೆ ದಿನಗಳು ಮುಗಿಯುತ್ತವೆ, ಮತ್ತೊಮ್ಮೆ ಸುಣ್ಣ ಹೊಡೆದರಾಯಿತು ಎಂದು ದಿವಾಣಜಿ ನನಗೆ ಹೇಳಿದ್ದರು. ಸುಣ್ಣದ ಕಲ್ಲನ್ನೂ ತರಿಸಿಟ್ಟಿದ್ದರು.

ಆದರೆ ಬೀಗರು ಅವಳನ್ನು ಅಮಾವಾಸ್ಯೆಗೆ ಮೊದಲೇ ಕರೆತಂದುಬಿಟ್ಟರು. ಅಮಾವಾಸ್ಯೆ ದಾಟಿದರೆ ಒಳ್ಳೆಯ ದಿನ ದೂರ ಬೀಳುತ್ತದೆಂದು ಯಾರೋ ಹೇಳಿದ್ದರಂತೆ. ನಡುಮಧ್ಯಾಹ್ನ. ನಾನು ಆ ಹೆಂಗಸಿಗೆಂದು ಖಾನಾವಳಿಯಿಂದ ರೊಟ್ಟಿ ತಂದು ಕಟ್ಟೆಯ ಮೇಲೆ ಇಡುತ್ತಿದ್ದೆ. ರಿಕ್ಷಾದಿಂದ ಮೊದಲು ಅತ್ತೆ ಇಳಿದರು, ಆಮೇಲೆ ನಡುವಿಗೆ ಕೈಕೊಟ್ಟುಕೊಂಡು ಮಗಳು. ಅವಳು ತೆರೆದ ಬಾಗಿಲಿಗೆ ಬಂದು, ನಗುತ್ತಲೇ ಒಳಗೆ ನೋಡಿದಳು. ಬಿಳಿಯ ಗೋಡೆ, ಕೆಳಗೆ ಹಿಟ್ಟು, ದೀಪ, ಅಪರಿಚಿತ ಹೆಂಗಸು.

ಅತ್ತೆ ಅವಳ ತೋಳು ಹಿಡಿದು ಹಿಂದಕ್ಕೆ ಎಳೆದುಕೊಂಡರು. “ಅಗಬಾಯಿ! ಹೇ ಕಾಯ, ಏನಿದು ಬೀಗರ? ಯಾರ್ ಹೋಗ್ಯಾರ ನಿಮ್ಮ ಮನ್ಯಾಗ?”

ದಿವಾಣಜಿ ಕಟ್ಟೆಯಿಂದ ಎದ್ದು ನಿಂತು, ಬಾಡಿಗೆಯವರಲ್ಲಿ ಒಬ್ಬ ಎಂದರು. ಯಾವ ನಕ್ಷತ್ರದಲ್ಲಿ ಹೋಯಿತು ಎಂದು ಅತ್ತೆ ಕೇಳಿದರು. “ಕೇಳಿಲ್ರಿ,” ಎಂದರು ಇವರು. ಬಾಡಿಗೆಯವನ ಹೆಣಕ್ಕೆ ನಿಮ್ಮ ಮನೆಯೇ ಬೇಕಾಗಿತ್ತೇ ಎಂದರು ಅತ್ತೆ.

ಆ ಅತ್ತೆ ಕೆಟ್ಟವರಲ್ಲ. ಸೊಸೆಯನ್ನು ಮರಳಿ ಒಯ್ಯಲು ಅವರಿಗೂ ಮನಸ್ಸಿರಲಿಲ್ಲ. ಬಿಸಿಲು, ತುಂಬಿದ ಬಸುರಿ, ಬಂದ ದಾರಿ ಉದ್ದ. ಸ್ವಲ್ಪ ಹೊತ್ತು ಯೋಚಿಸಿ ತಾವೇ ಒಂದು ದಾರಿ ಹೇಳಿದರು. “ಆ ದೀಪ ಎತ್ತಿ ಬ್ಯಾರೆ ಕಡೆ ಇಡ್ರಿ. ಆ ಬಾಯೀನೂ ಎಬ್ಬಸ್ರಿ. ಸಗಣಿ ಸಾರಸ್ರಿ, ಗೋಮೂತ್ರ ಹೊಡೀರಿ, ನಾವು ಕಣ್ಣ ಮುಚಗೊಂಡ ಒಳಗ ಬರತೇವಿ. ಅಷ್ಟ ಮಾಡ್ರಿ ಬೀಗರ, ಹುಡುಗಿ ನಿಂತಾಳ.”

ಒಳಗಿದ್ದ ಹೆಂಗಸಿಗೆ ಎಲ್ಲ ಕೇಳಿಸಿತ್ತು. ಅವಳು ಮುಂದಕ್ಕೆ ಬಾಗಿ, ದೀಪ ಎತ್ತಲು ಎರಡೂ ಕೈ ಚಾಚಿದಳು.

“ಕೂಡು ತಂಗಿ,” ಎಂದರು ದಿವಾಣಜಿ. “ದೀಪ ಮುಟ್ಟಬ್ಯಾಡ.”

ಆ ಹೊತ್ತಿನಲ್ಲಿ ಅವರು ಮಗಳ ಕಡೆಗೆ ನೋಡಲಿಲ್ಲ. ನೋಡಿದ್ದರೆ ಬೇರೆ ಮಾತು ಬರುತ್ತಿತ್ತೇನೋ, ತಿಳಿಯದು. ಮಗಳು ಅಳಲಿಲ್ಲ. ರಿಕ್ಷಾದ ಕಬ್ಬಿಣ ಹಿಡಿದು ನಿಂತು, ತೀರಾ ಸಣ್ಣ ದನಿಯಲ್ಲಿ ಹೇಳಿದಳು.

“ನನಗಂತ ಇದ್ದದ್ದು ಒಂದ ಖೋಲಿ, ಅಪ್ಪಾ. ಅದನ್ನೂ ಬಾಡಿಗಿಯವರಿಗೆ ಕೊಟ್ಟೀ?”

ರಿಕ್ಷಾ ಹೋಯಿತು. ಅವಳ ಕೈಚೀಲವೊಂದು ಕಟ್ಟೆಯ ಮೇಲೆ ಉಳಿದುಬಿಟ್ಟಿತ್ತು. ದಿವಾಣಜಿ ಅದನ್ನು ಎತ್ತಿಕೊಂಡು ರಸ್ತೆಯ ತಿರುವಿನವರೆಗೆ ಓಡಿದರು. ಆ ವಯಸ್ಸಿನ ಮನುಷ್ಯ ಹಾಗೆ ಓಡುವುದನ್ನು ನೋಡಬಾರದು. ಚೀಲ ಹಿಡಿದುಕೊಂಡೇ ಮರಳಿ ಬಂದರು.

ಹೆರಿಗೆ ಗಡಹಿಂಗ್ಲಜದಲ್ಲಿಯೇ ಆಯಿತು. ಗಂಡು ಮಗು ಎಂದು ಬೇರೆಯವರಿಂದ ತಿಳಿಯಿತು. ಹೆಸರಿಡುವ ದಿನಕ್ಕೆಂದು ಅವರು ಸಕ್ಕರೆ, ಕುಂಚಿಗೆ, ಆ ಕೈಚೀಲ ತೆಗೆದುಕೊಂಡು ಬಸ್ಸಿಗೆ ಹೋದರು. ಸಂಜೆಯ ಬಸ್ಸಿಗೆ ಮರಳಿದಾಗ ಚೀಲ ಕೈಯಲ್ಲಿರಲಿಲ್ಲ, ಸಕ್ಕರೆ ಮತ್ತು ಕುಂಚಿಗೆ ಹಾಗೆಯೇ ಇದ್ದವು. ಅವರು ಪತ್ರಿಕೆ ಬಿಡಿಸಿಕೊಂಡರು. ಬಹಳ ಹೊತ್ತು ಒಂದೇ ಪುಟದಲ್ಲಿದ್ದರು…

ಮೂರನೆಯ ಖೋಲಿಯ ಮಾತಿಗೆ ಬರುತ್ತೇನೆ. ಅದಕ್ಕೆ ಸುಣ್ಣ ಹೊಡೆದು ಮಹಾಗಾಂವದ ಕಡೆಯ ಕುಟುಂಬವೊಂದಕ್ಕೆ ಕೊಟ್ಟದ್ದು ಸುಳ್ಳಲ್ಲ. ಆ ಸಾವು ಅಲ್ಲಿಯೇ ಆಗಿದ್ದರೆ ಅವರು ಬರುತ್ತಿರಲಿಲ್ಲ. ಆದ್ದರಿಂದ ದಿವಾಣಜಿ ಮಾಡಿದ್ದು ಮಾಲಕರ ಲಾಭಕ್ಕೂ ಒದಗಿತು ಎಂದು ಯಾರಾದರೂ ವಾದಿಸಿದರೆ, ಹೌದು, ಒದಗಿತು. ಅವರು ಕೊನೆಯವರೆಗೂ ಮಾಲಕರ ನೌಕರರೇ. ನಾನು ಅವರನ್ನು ಸಂತರನ್ನಾಗಿ ಮಾಡಲು ಕೂತಿಲ್ಲ. ಹೊರಸು ಎಲ್ಲಿಗೆ ಹೋಯಿತು ಎಂಬುದನ್ನು ಮಾತ್ರ ಹೇಳುತ್ತಿದ್ದೇನೆ.

ಚಾಳಿನ ಹೆಂಗಸರು ಅವರನ್ನು ಕಂಡರೆ ಮುಖ ತಿರುಗಿಸತೊಡಗಿದರು. ನಳದ ಹತ್ತಿರ ಅವರು ಬಂದರೆ, ನಮ್ಮನ್ನೂ ಯಾವಾಗ ಹೊರಗೆ ಹಾಕಿಸುತ್ತೀರಿ ಎಂದು ಮಕ್ಕಳ ಬಾಯಿಂದ ಕೇಳಿಸುತ್ತಿದ್ದರು. ತಡೆಯಲಾರದೆ ಒಂದು ಸಂಜೆ ಕೇಳಿದೆ, ನಿಜವನ್ನು ನೀವೇಕೆ ಹೇಳುವುದಿಲ್ಲ ಎಂದು.

“ಹೇಳಿದ್ರ ಮಾಲಕರ ಕಿವಿಗಿ ಹೋಗತೈತಿ, ತಮ್ಮಾ. ನಾಳಿಗೆ ಇನ್ನೊಬ್ಬಾವ ಬೀಳತಾನ. ಅವನ್ನ ಎಲ್ಲೆ ಒಯ್ಯಲಿ?”

ಇನ್ನೊಬ್ಬರೂ ಬಿದ್ದರು. ಅವರ ನಂತರವೂ ಕೆಲವರು. ಪ್ರತಿ ಸಲವೂ ಅಂಗಳದಲ್ಲಿ ಅದೇ ಗಟ್ಟಿ ದನಿ, ದೊಡ್ಡ ಬಾಗಿಲು ಮುಚ್ಚುವ ಅದೇ ಸದ್ದು. ಹೊರುವವರು ಮಾತ್ರ ನಾವೇ. ಗುಟ್ಟು ಪೂರ್ತಿ ಉಳಿದಿತ್ತೆಂದು ನಾನು ನಂಬುವುದಿಲ್ಲ, ಒಬ್ಬಿಬ್ಬರಿಗೆ ಗೊತ್ತಾಗಿರಲೇಬೇಕು. ಅವರೂ ಬಾಯಿ ಬಿಡಲಿಲ್ಲ, ಬಹುಶಃ ತಮ್ಮ ಸರದಿಯನ್ನು ನೆನೆದು. ಆದರೆ ದಿವಾಣಜಿಯವರ ಬಂಧುಗಳಿಗೆ ಗೊತ್ತಾಯಿತು. ನಾಂದಣಿಯ ಅಕ್ಕ ಬಂದರೂ ಆ ಖೋಲಿಯಲ್ಲಿ ನೀರು ಕುಡಿಯುತ್ತಿರಲಿಲ್ಲ, ಕಟ್ಟೆಯ ಮೇಲೆ ಕೂತು, ಬಸ್ಸಿನ ಹೊತ್ತಾಯಿತು ಎಂದು ಎದ್ದು ಹೋಗುತ್ತಿದ್ದರು. ಕಡೆಗೆ ಬರುವುದೂ ನಿಂತಿತು.

ಅವರ ಕೊನೆ ಹೀಗಾಯಿತು. ಮಾಲಕರು ತೀರಿಕೊಂಡು, ಚಾಳು ಮಾರಾಟದ ಮಾತುಕತೆಯಲ್ಲಿತ್ತು. ದಿವಾಣಜಿಗೆ ಕಾಲಿಗೆ ನೀರು ತುಂಬಿ, ಉಸಿರು ಕಟ್ಟತೊಡಗಿತು. ನಮ್ಮ ಖೋಲಿಗೆ ಬನ್ನಿರಿ ಎಂದು ನಾನು ಕರೆದೆ; ಅಷ್ಟರಲ್ಲಿ ನನಗೂ ಮದುವೆಯಾಗಿತ್ತು, ಹೆಂಡತಿಯೂ ಕರೆದಳು. ಅವರು ಒಪ್ಪಲಿಲ್ಲ. ಬಾಡಿಗೆಯ ಖೋಲಿಯಲ್ಲಿ ಆಗಬಾರದು ಎಂದರು. ನಗೆ ಮಾಡುತ್ತಿದ್ದಾರೆಂದು ನಾನು ನೋಡಿದೆ, ನಗೆ ಇರಲಿಲ್ಲ. ಮರುದಿನ ನಾನು ಪಾಳಿಯಲ್ಲಿದ್ದಾಗ ತಾವೇ ರಿಕ್ಷಾ ಮಾಡಿಕೊಂಡು, ತಾವೇ ಬೀಗ ಹಾಕಿಕೊಂಡು, ಕೊಲ್ಲಾಪುರದ ಆಸ್ಪತ್ರೆಗೆ ಹೋದರು. ಅಲ್ಲಿ ಸಾಲು ಮಂಚಗಳ ನಡುವೆ, ಯಾರೂ ಹತ್ತಿರವಿಲ್ಲದಾಗ ಹೋದರು. ಮಗಳು ಸ್ಮಶಾನಕ್ಕೆ ಬಂದು, ದೂರದಲ್ಲಿ ನಿಂತು, ಯಾರೊಡನೆಯೂ ಮಾತಾಡದೆ ಹೋದಳು. ಅವರ ಖೋಲಿಯಲ್ಲಿ ದೀಪವಿಡೋಣ ಎಂದು ನಾನು ಎಣ್ಣೆ, ಹಿಟ್ಟು ತೆಗೆದುಕೊಂಡು ಹೋದೆ. ಮಾಲಕರ ಮಕ್ಕಳು ಅಷ್ಟರಲ್ಲೇ ಬೇರೆ ಬೀಗ ಹಾಕಿಸಿದ್ದರು. ಕೇಳಿದರೆ ಕೀಲಿ ಕೊಡಲಿಲ್ಲ. ಕಟ್ಟೆಯ ಮೇಲೆ ಇಟ್ಟ ದೀಪ ಗಾಳಿಗೆ ನಿಲ್ಲಲಿಲ್ಲ.

ಚಾಳು ಕೆಡವಿ ಈಗ ಅಲ್ಲಿ ಎತ್ತರದ ಕಟ್ಟಡ ಎದ್ದಿದೆ. ನಾನೂ ಆಮೇಲೆ ಇದೇ ವೃತ್ತಿಗೆ ಬಂದೆ. ಈಗಿನ ಕರಾರುಗಳಲ್ಲಿ ಸಾವಿನ ಮಾತು ಇರುವುದಿಲ್ಲ. ಆದರೆ ಕಳೆದ ಚಳಿಗಾಲದಲ್ಲಿ ಮೇಲಿನ ಮನೆಯ ಬಾಡಿಗೆದಾರರ ತಾಯಿ ಹಾಸಿಗೆ ಹಿಡಿದಾಗ, ಬೇರೆ ಊರಿನಲ್ಲಿರುವ ಮಾಲಕರು ಫೋನಿನಲ್ಲಿ ಅದನ್ನೇ ಹೇಳಿದರು, ಬಹಳ ಮೃದುವಾಗಿ, ‘ಅವರನ್ನು ಊರಿಗೆ ಕಳಿಸಿದರೆ ಅವರಿಗೂ ಸಮಾಧಾನ’ ಎಂದು. ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಫೋನು ಕೆಳಗಿಟ್ಟು ನನ್ನ ಕೋಣೆಯ ಗೋಡೆಗಳನ್ನು ನೋಡುತ್ತ ಕೂತೆ. ಆ ಅಜ್ಜಿ ಚೇತರಿಸಿಕೊಂಡರು. ನನ್ನ ಧೈರ್ಯದ ಪರೀಕ್ಷೆ ಆಗಲಿಲ್ಲ. ಆ ದಿನ ಮಾತಾಡಲು ದಿವಾಣಜಿಯೊಬ್ಬರು ಬೇಕಾಗಿದ್ದರು. ಹೆಂಡತಿಯೂ ಹೋಗಿ ಈಗ ವರ್ಷಗಳಾದವು. ಸಂಜೆ ಕೂರಲು ಇಲ್ಲಿ ಕಟ್ಟೆಯೂ ಇಲ್ಲ.

ಹೊರಸು ಹೊತ್ತ ನಾಲ್ವರಲ್ಲಿ ಇಬ್ಬರು ಹೋಗಿದ್ದಾರೆ. ಮೂರನೆಯವನಿಗೆ ಈಗ ತನ್ನ ಹೆಸರೂ ನೆನಪಿಲ್ಲ. ಆ ಕುರುಬರ ಹೆಂಗಸು ದಿನಗಳನ್ನು ಮುಗಿಸಿ ಹೋದವಳು ಮತ್ತೆ ಕಾಣಲಿಲ್ಲ. ಉಳಿದವನು ನಾನೊಬ್ಬ, ನನಗೆ ಅವರ ಮೇಲೆ ಪ್ರೀತಿ ಇತ್ತು, ಆದ್ದರಿಂದ ನನ್ನ ಮಾತೊಂದನ್ನೇ ನಂಬಿರಿ ಎಂದು ನಾನು ಹೇಳುವುದಿಲ್ಲ. ಬೇರೊಬ್ಬರು ಹೀಗೆ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಸುಣ್ಣದ ವಾಸನೆ ಬಂದ ಆ ವಾರವೇ ಗಡಹಿಂಗ್ಲಜದ ಬಸ್ಸು ಹತ್ತಿದೆ. ಮಗಳು ಇದ್ದಾಳೆ, ಈಗ ಅವಳೂ ಮೊಮ್ಮಕ್ಕಳನ್ನು ಕಂಡವಳು. ನನ್ನನ್ನು ಗುರುತಿಸಲು ಸ್ವಲ್ಪ ಹೊತ್ತು ಬೇಕಾಯಿತು. ಚಹ ಕೊಟ್ಟಳು. ತಂದೆಯ ಬಗ್ಗೆ ಒಂದೂ ಒಳ್ಳೆಯ ಮಾತಾಡಲಿಲ್ಲ. ತನ್ನ ಮಗನನ್ನು ಅವರು ಒಮ್ಮೆಯೂ ಎತ್ತಿಕೊಳ್ಳಲಿಲ್ಲ, ಎತ್ತಿಕೊಳ್ಳಲು ತಾನೇ ಕೊಡಲಿಲ್ಲ ಎಂದಳು. ಮದುವೆಯ ಪಂಕ್ತಿಯಲ್ಲಿ ಕೇಳಿದ ಕಥೆಯನ್ನು ಅವಳಿಗೆ ಹೇಳಿ, ನೀನು ಅಂದು ನೋಡಿದ್ದೇನು, ಅದಷ್ಟನ್ನೇ ಹೇಳಮ್ಮ ಎಂದು ಕೇಳಿಕೊಂಡೆ. ಯಾರು ಬೇಕಾದರೂ ಹೋಗಿ ಕೇಳಬಹುದು. ಅವಳಿಗೆ ಆ ಮನುಷ್ಯನನ್ನು ಉಳಿಸುವ ಯಾವ ಆಸೆಯೂ ಇಲ್ಲ.

ಅವಳು ಖಾಲಿ ಬಟ್ಟಲುಗಳನ್ನು ಒಂದರೊಳಗೊಂದು ಇಟ್ಟಳು.

“ಆ ಮಾತ ಖೊಟ್ಟಿ ಐತ್ರಿ, ಕಾಕಾ,” ಎಂದಳು. “ಅವಾ ಯಾರನ್ನೂ ರಸ್ತಾದ ಮ್ಯಾಲ ಹಾಕಲಿಲ್ಲ. ಹಾಕಿದ್ರ ಅವತ್ತ ನಾ ಒಳಗ ಹೋಗತಿದ್ದೆ.”